ಉಚ್ಚೆಂಗಮ್ಮನ ತಿಪ್ಪೆ, ಹಂಪಕ್ಕನ ಸಭೆ

ಎರೆಹೊಸಳ್ಳಿಯ ಉಚ್ಚೆಂಗಮ್ಮ ಭಾರೀ ದೈವಭಕ್ತೆ ಎಂದು ಹೊರಗಿನವರು ತಿಳಿದಿದ್ದರು. ನಸುಕಿನಲ್ಲಿ ಎದ್ದವಳೇ ಬಾಗಿಲು ತೆಗೆದು, ಹೊಸ್ತಿಲ ಮೇಲೆ ನಿಂತು, ಎದುರಿಗೆ ಕಣ್ಣು ನೆಟ್ಟು ಒಂದು ಗಳಿಗೆ ನೋಡುತ್ತಿದ್ದಳಲ್ಲ, ಅದನ್ನು ಕಂಡವರು ಸೂರ್ಯನಿಗೆ ಕೈಮುಗಿಯುತ್ತಾಳೆ ಅಂದುಕೊಳ್ಳುತ್ತಿದ್ದರು. ಅವಳ ಮನೆಯ ಬಾಗಿಲು ಇದ್ದದ್ದು ಪಡುವಣಕ್ಕೆ. ಸೂರ್ಯ ಹುಟ್ಟುತ್ತಿದ್ದದ್ದು ಹಿತ್ತಲಲ್ಲಿ. ಆಕೆ ನೋಡುತ್ತಿದ್ದದ್ದು ಎದುರು ಮನೆಯ ಹಂಪಕ್ಕನ ತಿಪ್ಪೆಯನ್ನು.

ತಿಪ್ಪೆ ಅಂದ ಕೂಡಲೇ ಮೂಗು ಹಿಡಿಯುವ ಪೇಟೆಯವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಸಪೇಟೆಗೂ ಕಂಪ್ಲಿಗೂ ನಡುವೆ, ಕಾಲುವೆಯ ನೀರು ಕುಡಿದು ದುಂಡಗಾದ ಊರುಗಳಲ್ಲಿ, ತಿಪ್ಪೆ ಅಂದರೆ ಮನೆಯ ಮುಂದೆ ನಿಲ್ಲಿಸಿದ ಬೋರ್ಡು. ಹೆಣ್ಣು ಕೊಡಲು ಬಂದ ಹಿರಿಯರು ಚಾಪೆಯ ಮೇಲೆ ಕೂಡುವ ಮುಂಚೆ, ಕಾಲು ತೊಳೆಯುವ ನೆಪದಲ್ಲಿ ತಿಪ್ಪೆಯ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಯಾರೂ ನೋಡದಾಗ ಕೋಲು ಚುಚ್ಚಿ ಆಳ ನೋಡುತ್ತಿದ್ದರು. ಎಷ್ಟು ಬಂಡಿ ಗೊಬ್ಬರ ಅಂತ ಗೊತ್ತಾದರೆ ಎಷ್ಟು ದನ ಅಂತ ಗೊತ್ತಾಯಿತು. ದನ ಗೊತ್ತಾದರೆ ಹೊಲ ಗೊತ್ತಾಯಿತು. ಬಂಗಾರವನ್ನು ಪಕ್ಕದ ಮನೆಯಿಂದ ತಂದು ಹಾಕಿಕೊಂಡು ಮೆರೆಯಬಹುದು, ಜರಿ ರುಮಾಲನ್ನೂ ಎರವಲು ತರಬಹುದು. ತಿಪ್ಪೆಯನ್ನು ಯಾರು ಎರವಲು ಕೊಡುತ್ತಾರೆ? ಸರಕು ಸಾಚಾ ಇತ್ತು, ಅದಕ್ಕೇ ಅದಕ್ಕೆ ಬೆಲೆ.

ಕಾಲುವೆ ಬಂದ ಮೇಲೆ ವರ್ಷಕ್ಕೆ ಎರಡು ಬೆಳೆ ಬಂತು. ಎರಡು ಎತ್ತು ಇದ್ದವರಿಗೆ ನಾಲ್ಕಾದವು, ಒಂದು ಎಮ್ಮೆ ಇದ್ದ ಕಡೆ ಐದು ಎಮ್ಮೆ ಗೋದಲಿಗೆ ನಿಂತವು. ತಿಪ್ಪೆಗಳು ಹಿತ್ತಲಲ್ಲಿ ಹಿಡಿಸದೆ ಮುಂದಕ್ಕೆ ಬಂದವು, ಮುಂದೆ ಹಿಡಿಸದೆ ಓಣಿಗೆ ಇಳಿದವು. ಎಂಬತ್ತರ ಹೊತ್ತಿಗೆ ಆ ಓಣಿಯಲ್ಲಿ ಬಂಡಿ ಹೋಗಬೇಕಾದರೆ ಒಂದು ಗಾಲಿ ತಿಪ್ಪೆಯ ಮೇಲೆ ಹತ್ತಿ, ಬಂಡಿ ಒಂದು ಕಡೆಗೆ ವಾಲಿಕೊಂಡೇ ಹೋಗಬೇಕಿತ್ತು. ವಾಲಿದ ಬಂಡಿಯಿಂದ ಬೈಗುಳ ಕೇಳಿಬಂದರೆ ಉಚ್ಚೆಂಗಮ್ಮನಿಗೆ ಹಿಗ್ಗು. ಬೈಗುಳ ಬಂತೆಂದರೆ ತಿಪ್ಪೆ ಬೆಳೆದಿದೆ ಎಂದರ್ಥ.

ಉಚ್ಚೆಂಗಮ್ಮ ದರೋಜಿ ಕಡೆಯವಳು, ಹಂಪಕ್ಕ ಕಮಲಾಪುರದವಳು. ಇಬ್ಬರೂ ಅರವತ್ತಾರರಲ್ಲಿ, ಎಂಟು ದಿನದ ಅಂತರದಲ್ಲಿ, ಎದುರುಬದುರು ಮನೆಗೆ ಸೊಸೆಯಾಗಿ ಬಂದರು. ಮೊದಲು ಬಂದವಳು ಹಂಪಕ್ಕ. ಆ ಎಂಟು ದಿನವನ್ನು ಉಚ್ಚೆಂಗಮ್ಮ ಜೀವಮಾನದಲ್ಲಿ ಮರೆಯಲಿಲ್ಲ. ಓಣಿಯ ಹೆಂಗಸರೆಲ್ಲ ಹಂಪಕ್ಕನನ್ನು ನೋಡಿ, ಸಕ್ಕರೆ ತಿಂದು, ಹಾಡು ಹೇಳಿ ದಣಿದಿದ್ದರು. ಉಚ್ಚೆಂಗಮ್ಮ ಬಂದಾಗ "ಈಕಿನೂ ಚಲೋ ಅದಾಳ ಬಿಡ್ರಿ" ಅಂದು ಸೆರಗು ಕೊಡವಿ ಎದ್ದು ಹೋದರು.

ಆಮೇಲೆ ರೇಡಿಯೋ. ಹಂಪಕ್ಕನ ಮನೆಗೆ ಅದು ಬಂದ ಆರು ತಿಂಗಳಿಗೆ ಉಚ್ಚೆಂಗಮ್ಮ ಗಂಡ ಎರ್ರಿಯಪ್ಪನನ್ನು ಹೊಸಪೇಟೆಗೆ ಅಟ್ಟಿ ತರಿಸಿದಳು. ಅಷ್ಟರಲ್ಲಿ ಹಂಪಕ್ಕ ತನ್ನ ರೇಡಿಯೋಕ್ಕೆ ಹೂವಿನ ಬಟ್ಟೆಯ ಗವಸು ಹೊಲಿಸಿದ್ದಳು. ಇವಳೂ ಗವಸು ಹೊಲಿಸುವ ಹೊತ್ತಿಗೆ ಎದುರುಮನೆಗೆ ಕ್ಯಾಂಪಿನ ಎಮ್ಮೆ ಬಂತು. ಕಾಲುವೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡ ರೈತರು ಸಾಕಿದ್ದ ಎಮ್ಮೆ ಅದು, ಸುರುಳಿ ಕೊಂಬಿನದು, ಹೊತ್ತಿಗೆ ಎಂಟು ಸೇರು ಹಾಲು ಕರೆಯುವಂಥದು.

ಹಂಪಕ್ಕ ಕೆಟ್ಟವಳಾಗಿದ್ದರೆ ಒಂದು ಸಮಾಧಾನ ಇರುತ್ತಿತ್ತು. ಬೈದು ಹಗುರಾಗಬಹುದಿತ್ತು. ಆಕೆ ಹುಳಿಸಾರು ಮಾಡಿದರೆ ಒಂದು ಬಟ್ಟಲು ಈಚೆ ಕಳಿಸುವಳು. ಸಾರು ಚೆನ್ನಾಗಿಯೇ ಇರುತ್ತಿತ್ತು. ಮೇಲಾಗಿ ತಾನೇ ಎಂಟು ದಿನ ಮೊದಲು ಬಂದವಳಾದರೂ ಇವಳನ್ನು "ಯಕ್ಕಾ" ಅಂತ ಕರೆಯುವಳು. ಅದು ಮರ್ಯಾದೆಯೋ, ನನಗೆ ವಯಸ್ಸಾಯಿತೆಂದು ಊರಿಗೆ ಸಾರುವುದೋ ಎಂದು ಉಚ್ಚೆಂಗಮ್ಮ ಇಪ್ಪತ್ತು ವರ್ಷ ತೂಗಿ ನೋಡಿದಳು. ಮುಳ್ಳು ಒಂದು ಕಡೆಗೂ ನಿಲ್ಲಲಿಲ್ಲ.

ಗೆಲ್ಲಲು ಉಳಿದದ್ದು ತಿಪ್ಪೆಯೊಂದೇ. ಅದಕ್ಕೆ ಹಣ ಬೇಡ, ರಟ್ಟೆ ಬೇಕು, ಕಾಲು ಬೇಕು. ಸಂಜೆ ದನ ಊರೊಳಗೆ ಬರುವಾಗ ಹೆಂಗಸರು ಪುಟ್ಟಿ ಹಿಡಿದು ಹಿಂದೆ ಬೀಳುತ್ತಿದ್ದರು. ಸಗಣಿ ಬಿದ್ದ ಕೂಡಲೇ ಹೆಬ್ಬೆರಳಿನಿಂದ ಅದರ ಸುತ್ತ ಮಣ್ಣಿನಲ್ಲಿ ಗೆರೆ ಎಳೆದವಳಿಗೆ ಅದು ಸೇರಿತು. ಆಮೇಲೆ ನಿಧಾನಕ್ಕೆ ಬಂದು ತುಂಬಿಕೊಂಡರೂ ನಡೆಯಿತು. ಗೆರೆಯೊಳಗಿನ ಸಗಣಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಈ ಕಾಯಿದೆ ಎಲ್ಲೂ ಬರೆದಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಉಚ್ಚೆಂಗಮ್ಮನ ಹೆಬ್ಬೆರಳು ಊರಿನಲ್ಲೇ ಚುರುಕು. ಎಮ್ಮೆ ಬಾಲ ಎತ್ತುವಾಗಲೇ ಅರ್ಧ ಗೆರೆ ಎಳೆದಿರುತ್ತಿದ್ದಳೆಂದು ಹಂಪಕ್ಕನ ಗಂಡ ನಗಾಡುತ್ತಿದ್ದ. ಇಷ್ಟಲ್ಲದೆ ಕಬ್ಬು ಕಡಿದ ಮೇಲೆ ಉಳಿದ ಒಣಗರಿಯ ರವದಿ, ಅಕ್ಕಿ ಗಿರಣಿಯ ಹೊಟ್ಟು, ಒಲೆಯ ಬೂದಿ, ಸಿಕ್ಕಿದ್ದನ್ನೆಲ್ಲ ತಂದು ಒಟ್ಟಿದಳು.

ಎಂಬತ್ತಮೂರರ ದೀಪಾವಳಿ ಪಾಡ್ಯದ ದಿನ ಸಗಣಿಯಿಂದ ಲಕ್ಕವ್ವ ದೇವಿಯನ್ನು ಮಾಡಿ, ಹೂ ಚುಚ್ಚಿ, ತಿಪ್ಪೆಯ ನೆತ್ತಿಯ ಮೇಲೆ ದೀಪ ಇಟ್ಟು ಕೆಳಗಿಳಿದವಳು ಗಂಡನನ್ನು ಕೂಗಿದಳು.

"ಇಲ್ಲಿ ಬರ್ರಿ. ನೋಡ್ರಿ, ಯಾರ ದೀಪ ಮ್ಯಾಲೈತಿ?"

ಎರ್ರಿಯಪ್ಪ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಬಂದು, ಆ ದೀಪ ನೋಡಿ, ಈ ದೀಪ ನೋಡಿ, "ಎರಡೂ ಉರಿಯಾಕತ್ತಾವ ಬಿಡಲೇ" ಅಂದ.

"ನಮ್ಮದು ಒಂದು ಮೊಳ ಮ್ಯಾಲೈತ್ರಿ!"

"ಸಗಣಿಗೂ ಹೊಟ್ಟಿಕಿಚ್ಚೇನಲೇ? ಮಾರಾಯ್ತಿ, ಹೋಳಿಗಿ ಬಡಸು ನಡಿ."

ಆ ಒಂದು ಮೊಳದ ಸುಖವನ್ನು ಆಕೆ ನಾಲ್ಕು ವರ್ಷ ಉಂಡಳು.

ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿಯ ಚುನಾವಣೆ ಬಂತು. ಸೀಟುಗಳಲ್ಲಿ ಕಾಲು ಭಾಗ ಹೆಂಗಸರಿಗೆ ಎಂದು ಸರ್ಕಾರ ಹೇಳಿತ್ತು. ಊರ ಹಿರಿಯ ವಿರುಪಾಕ್ಷಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಉಚ್ಚೆಂಗಮ್ಮನ ಮನೆಯ ಕಟ್ಟೆಯ ಮೇಲೆ ಕೂತ.

"ಎರ್ರಿಯಪ್ಪ, ಹೆಣ್ಣಮಕ್ಕಳ ಸೀಟಿಗೆ ನಿಮ್ಮ ಮನಿಯಾಕಿನ್ನ ನಿಲ್ಲಸಬೇಕಂತ ಮಾಡೀವಿ. ಮಾತು ಜೋರು ಐತಿ, ಗಂಟಲು ಜೋರು ಐತಿ. ಏನಂತೀ?"

ಬಾಗಿಲ ಹಿಂದೆ ಉಚ್ಚೆಂಗಮ್ಮನ ಎದೆ ಡಂಗುರವಾಯಿತು. ಆದರೆ ಮರ್ಯಾದಸ್ಥ ಹೆಣ್ಣುಮಗಳು ಏನು ಕೊಟ್ಟರೂ ಮೊದಲ ಸಲ ಬ್ಯಾಡ ಅನ್ನಬೇಕು. ಊಟಕ್ಕೆ ಕರೆದರೂ ಹಾಗೇ, ಕುಪ್ಪಸದ ಖಣ ಕೊಟ್ಟರೂ ಹಾಗೇ. ಎರಡನೇ ಸಲ ಕೇಳಿದರೆ ನೆಲ ನೋಡುವುದು, ಮೂರನೇ ಸಲಕ್ಕೆ ನಿಮ್ಮಿಷ್ಟ ಅನ್ನುವುದು. ಆಕೆ ಪದ್ಧತಿಯಂತೆಯೇ ಒಳಗಿನಿಂದ ಅಂದಳು, "ಅಯ್ಯ, ನಮಗ್ಯಾಕ್ರಿ ಅವೆಲ್ಲ, ಬ್ಯಾಡ್ರಿ."

ನಾಮಪತ್ರ ಕೊಡಲು ಅವತ್ತೇ ಕಡೆಯ ದಿನ. ಕಂಪ್ಲಿ ಬಸ್ಸು ಊರ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ವಿರುಪಾಕ್ಷಪ್ಪನಿಗೆ ಎರಡನೇ ಸಲ ಕೇಳುವಷ್ಟು ಪುರುಸೊತ್ತು ಇರಲಿಲ್ಲ. "ಆತು ಬಿಡವ್ವ" ಅಂದವನೇ ಅಂಗಿ ಕೊಡವಿಕೊಂಡು ಎದ್ದು ಓಣಿ ದಾಟಿದ. ಎದುರಿಗೆ ಹಂಪಕ್ಕ ಗೋಡೆಗೆ ಕುಳ್ಳು ತಟ್ಟುತ್ತಿದ್ದಳು. ಏನು ಕೇಳಿದರೋ, ಆಕೆ ಹೇಳಿದ್ದು ಮಾತ್ರ ಈಚೆ ಬಾಗಿಲವರೆಗೆ ಸ್ಪಷ್ಟ ಕೇಳಿಸಿತು. "ಹೂಂ ನಡೀರಿ. ಕೈ ತೊಳಕೊಂಡು ಬಂದೆ."

ಎದುರಾಳಿ ಯಾರೂ ನಿಲ್ಲಲಿಲ್ಲ. ಹಂಪಕ್ಕ ಮೆಂಬರಾದಳು. ಆಕೆಗೆ ಮಂಡಲ ಆಫೀಸಿನಲ್ಲಿ ಕಬ್ಬಿಣದ ಕುರ್ಚಿ ಸಿಕ್ಕಿತು. ಉಚ್ಚೆಂಗಮ್ಮನಿಗೆ ಮೂರು ದಿನ ಅನ್ನ ಇಳಿಯಲಿಲ್ಲ. ಎರಡನೇ ಸಲ ಕೇಳದೆ ಹೋಗುವ ಗಂಡಸರು ಊರು ಆಳಿದರೆ ಊರು ಏನಾಗಬೇಡ, ಅಂತ ಗಂಡನಿಗೆ ಹೇಳಿ ಹೇಳಿ ಅವನ ಅನ್ನವನ್ನೂ ಕೆಡಿಸಿದಳು.

ಮರುವರ್ಷ ಹಂಪಕ್ಕನ ಹಿತ್ತಲಲ್ಲಿ ಗೋಬರ್ ಗ್ಯಾಸು ಬಂತು. ನೆಲದಲ್ಲಿ ಗುಂಡಿ, ಅದಕ್ಕೊಂದು ಗಾರೆಯ ಗುಮ್ಮಟ, ಗುಮ್ಮಟದಿಂದ ಅಡುಗೆ ಮನೆಗೆ ಪೈಪು. ಬೆಳಿಗ್ಗೆ ಸಗಣಿ ಕಲಸಿ ಬಿಟ್ಟರೆ ಸಂಜೆ ನೀಲಿ ಉರಿ. ಹೊಗೆಯಿಲ್ಲ, ಊದುಕೊಳವೆಯಿಲ್ಲ. ಇಡೀ ಊರು ನೋಡಿ ಬಂದ ಮೇಲೆ, ಮೊಸರಿಗೆ ಹೆಪ್ಪು ಬೇಕೆಂಬ ನೆಪದಲ್ಲಿ ಉಚ್ಚೆಂಗಮ್ಮ ಹೋದಳು.

"ಕುಂದ್ರು ಯಕ್ಕಾ, ಚಾ ಇಡ್ತೀನಿ, ಜಲ್ದಿ ಆಗ್ತೈತಿ" ಅಂದಳು ಹಂಪಕ್ಕ.

ಜಲ್ದಿಯೇ ಆಯಿತು. ಉಚ್ಚೆಂಗಮ್ಮ ಕಪ್ಪಿಗೆ ಮೂಗು ತಾಗಿಸಿ ಸಗಣಿಯ ವಾಸನೆ ಹುಡುಕಿದಳು. ಏಲಕ್ಕಿಯ ವಾಸನೆ ಬಿಟ್ಟರೆ ಮತ್ತೇನೂ ಸಿಗಲಿಲ್ಲ. ಮನೆಗೆ ಬಂದು, "ವಾಸನಿ ಬರ್ತೈತ್ರಿ, ಬಾಯಾಗ ಇಡಾಕ ಆಗಂಗಿಲ್ಲ" ಅಂದಳು.

ಸಗಣಿಯೆಲ್ಲ ಗುಂಡಿಗೆ ಹೋದ ಮೇಲೆ ಹಂಪಕ್ಕನ ತಿಪ್ಪೆ ಕುಸಿಯಿತು. ಯುಗಾದಿಗೆ ಆ ಜಾಗ ಸಾರಿಸಿ ರಂಗೋಲಿ ಬಿಟ್ಟರು. ಈಗ ಓಣಿಗೆಲ್ಲ ದೊಡ್ಡ ತಿಪ್ಪೆ ಉಚ್ಚೆಂಗಮ್ಮನದೇ. ಆದರೆ ಗಿರಾಕಿಯಿಲ್ಲದ ಸಂತೆಯಲ್ಲಿ ಅಂಗಡಿ ತೆರೆದು ಕೂತಂತೆ ಆಯಿತು ಅವಳ ಪಾಡು. ಯಾರಿಗಿಂತ ದೊಡ್ಡದು?

ಎಂಬತ್ತೊಂಬತ್ತರ ಮಳೆಗಾಲಕ್ಕೆ ಮುಂಚೆ ತಳವಾರ ಹುಸೇನಪ್ಪ ಓಣಿಯಲ್ಲಿ ಡಂಗುರ ಬಾರಿಸಿದ. "ಕೇಳ್ರಪ್ಪೋ ಕೇಳ್ರಿ! ಓಣಿಯಾಗಿನ ತಿಪ್ಪಿ ಅಷ್ಟೂ ತಗದು ಕೆಳಗಿನ ಕೇರಿ ಬಾಜು ಸರ್ಕಾರಿ ಜಾಗಕ್ಕ ಹಾಕಬೇಕಂತ ಮಂಡಲದಾಗ ಬರದಾರ! ಐತವಾರ ಶಾಲಿ ಮುಂದ ಗ್ರಾಮಸಭಾ! ಎಲ್ರೂ ಬಂದು ಹೂಂ ಅನ್ನಬೇಕು!"

ಹಿಂದಿನ ಮಳೆಗಾಲದಲ್ಲಿ ಊರಿಗೆ ವಾಂತಿಭೇದಿ ಬಿದ್ದಿತ್ತು. ತಿಪ್ಪೆಯ ನೀರು ಬಾವಿಗೆ ಇಳಿಯುತ್ತದೆ ಎಂದು ನರ್ಸಮ್ಮ ಹೇಳಿದ್ದಳು. ಓಣಿ ಬಿಡುವಾದರೆ ಬಸ್ಸು ಊರೊಳಗೆ ಬರುತ್ತದೆ ಎಂಬ ಆಸೆಯೂ ಇತ್ತು. ಇದನ್ನೆಲ್ಲ ಬರೆದು ಮಂಡಲದ ಮುಂದಿಟ್ಟವಳು ಹಂಪಕ್ಕ.

ಉಚ್ಚೆಂಗಮ್ಮನ ನೆತ್ತಿಗೆ ರಕ್ತ ಏರಿತು. "ಬಂದು ಹೂಂ ಅನ್ನಬೇಕಂತ! ತನ್ನ ತಿಪ್ಪಿ ಗ್ಯಾಸಿಗೆ ಹಾಕ್ಕೊಂಡು ಕುಂತಾಳ, ಈಗ ನಮ್ಮ ತಿಪ್ಪಿ ಮ್ಯಾಲೆ ಕಣ್ಣು. ನನ್ನದು ದೊಡ್ಡದಾತಲ್ಲ, ತಡಕೊಳ್ಳಾಕ ಆಗವಲ್ದು."

"ವಾಂತಿಭೇದಿ ಆದಾಗ ಮೂರು ದಿನ ಮಲಗಿದಾಕಿ ನೀನೇ" ಅಂದ ಎರ್ರಿಯಪ್ಪ.

"ಅದು ಹೀರೇಕಾಯಿ ಪಲ್ಯ ತಿಂದಿದ್ದಕ್ಕ."

"ಪಲ್ಯ ಯಾರು ಮಾಡಿದ್ದು?"

"ಆಕಿ ಕಳಿಸಿದ್ದು!"

ಎರ್ರಿಯಪ್ಪ ಬೀಡಿ ಹಚ್ಚಿಕೊಂಡು ಹೊಲಕ್ಕೆ ಹೋದ.

ಉಚ್ಚೆಂಗಮ್ಮ ಮನೆಮನೆ ತಿರುಗಿದಳು. ಯಾವ ಮನೆಯಲ್ಲಿ ಯಾವ ಮಾತು ಓಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ದೂರದ ಜಾಗದಲ್ಲಿ ಹಾಕಿದರೆ ಯಾರ ಗೊಬ್ಬರ ಯಾರು ತುಂಬಿಕೊಂಡು ಹೋದರು ಎಂದು ಕಾಯುವವರು ಯಾರು ಅಂತ ಒಂದು ಕಡೆ. ಮನೆಗೆ ಬೀಗರು ಬಂದರೆ ಏನು ತೋರಿಸುತ್ತೀರಿ ಅಂತ ಇನ್ನೊಂದು ಕಡೆ. ಎಲ್ಲರೂ ತಲೆ ಆಡಿಸಿದರು. ವಿರುಪಾಕ್ಷಪ್ಪನಂತೂ ತಪ್ಪಿಗೆ ಪರಿಹಾರ ಎಂಬಂತೆ, "ನನ್ನ ಕೈ ನಿನ್ನ ಕಡೆನೇ ಐತವ್ವ" ಅಂದ.

ಶನಿವಾರ ಕೆಳಗಿನ ಕೇರಿಗೂ ಇಳಿದಳು. ಅಲ್ಲಿ ಸುಂಕಮ್ಮ ಇದ್ದಳು. ಊರ ಗದ್ದೆಗಳಿಗೆಲ್ಲ ನಾಟಿ ಹಾಕುವ ಮೂವತ್ತು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅವಳು ಬಂದರೆ ಮೂವತ್ತು ಕೈ ಬಂದಂತೆ.

"ಸುಂಕಮ್ಮಾ, ಏ ಸುಂಕಮ್ಮಾ, ಇದೀಯೇನವ್ವ?"

ಸುಂಕಮ್ಮ ಒಳಗಿನಿಂದ ಬಗ್ಗಿ ನೋಡಿದಳು. "ಏನ್ರೀ ಅಕ್ಕಾರ, ಇಷ್ಟು ವರ್ಷ ಸುಂಕೀ ಅಂತಿದ್ರಿ, ಇವತ್ತು ಹೆಸರು ಪೂರಾ ಬಂತು! ನಾಟಿಗಿನ್ನೂ ಹದಿನೈದು ದಿನ ಐತಲ್ರಿ?"

"ನಾಟಿಗಲ್ಲ. ನಾಳೆ ಸಭಾಕ್ಕ ನಿಮ್ಮ ಹೆಣ್ಣಮಕ್ಕಳನ್ನೆಲ್ಲ ಕರಕೊಂಡು ಬಾ. ತಿಪ್ಪಿ ಓಣಿಯಾಗೇ ಇರ್ಲಿ ಅಂತ ಕೈ ಎತ್ತಬೇಕು."

"ನಿಮ್ಮ ತಿಪ್ಪಿ ಓಣಿಯಾಗ ಇದ್ರ ನಮಗೇನು, ಹೋದ್ರ ನಮಗೇನ್ರೀ?"

"ಅಯ್ಯ, ಇಲ್ಲೇ ನಿನ್ನ ಬಾಜುಕ್ಕ ತಂದು ಹಾಕ್ತಾರಲ್ಲೇ!"

ಸುಂಕಮ್ಮನ ಮುಖದ ನಗು ಇಳಿಯಿತು. ಕೇರಿಯವರಿಗೆ ಈ ಸುದ್ದಿಯೇ ಗೊತ್ತಿರಲಿಲ್ಲ. ಹುಸೇನಪ್ಪ ಡಂಗುರವನ್ನು ಮೇಲಿನ ಓಣಿಯಲ್ಲೇ ಮುಗಿಸಿಕೊಂಡು ಮನೆಗೆ ಹೋಗಿದ್ದ. ಸರ್ಕಾರಿ ಜಾಗ ಅಂದರೆ ಸುಂಕಮ್ಮನ ಗುಡಿಸಲ ಬೆನ್ನಿಗೇ. ಅಲ್ಲಿಂದ ಹತ್ತು ಹೆಜ್ಜೆಗೆ ಕೇರಿಗೆಲ್ಲ ಒಂದೇ ಬೋರಿಂಗು, ಕೈಯಿಂದ ಒತ್ತಿ ನೀರು ತೆಗೆಯುವಂಥದು. ಎರಡು ಹೆಂಗಸರು ಅದಕ್ಕೆ ಜೋತು ಬಿದ್ದು ಕೊಡ ತುಂಬುತ್ತಿದ್ದರು.

"ಎಷ್ಟು ಮನೀ ತಿಪ್ಪಿ ಬರ್ತಾವ್ರೀ?"

"ಅರವತ್ತಮೂರು. ನಾನೇ ಎಣಿಸೀನಿ."

"ಗೊಬ್ಬರ ಯಾರಿಗೆ?"

"ಅವರವರದು ಅವರವರಿಗೆ."

"ವಾಸನಿ?"

ಉಚ್ಚೆಂಗಮ್ಮ ಬೋರಿಂಗಿನ ಕಡೆ ತಿರುಗಿದಳು. ಬಾವಿಗೆ ಇಳಿಯುವ ನೀರು ಬೋರಿಂಗಿಗೂ ಇಳಿಯುತ್ತದೆ ಎಂಬುದು ಅವಳಿಗೆ ಆ ಗಳಿಗೆಯಲ್ಲೇ ಹೊಳೆದದ್ದು. ನಾಚಿಕೆ ಆಗಬೇಕಿತ್ತು. ಮೊದಲು ಆದದ್ದು ಸಂತೋಷ. ಇಂಥ ಮಾತು ಹಂಪಕ್ಕನಿಗೆ ಹೊಳೆದಿಲ್ಲವಲ್ಲ! ನಾಚಿಕೆ ಬಂದದ್ದು ಏರು ಹತ್ತಿ ಮನೆ ಮುಟ್ಟುವ ಹೊತ್ತಿಗೆ, ಅದೂ ಸ್ವಲ್ಪ.

ಬೇರೆ ಊರುಗಳಲ್ಲಿ ಗ್ರಾಮಸಭೆ ಅಂದರೆ ಸೆಕ್ರೆಟರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದು. ಆತ ಇಲ್ಲಿಗೂ ಒಂದೇ ಜಮಖಾನ ತಂದಿದ್ದ. ಐತವಾರ ಶಾಲೆಯ ಮುಂದೆ ನೂರೈವತ್ತಕ್ಕೂ ಮೇಲೆ ಜನ ಸೇರಿದ್ದನ್ನು ಕಂಡು, ಯಾರಾದರೂ ಸತ್ತರೇನೋ ಎಂದು ಗಾಬರಿಯಾದ.

ಹಂಪಕ್ಕ ನೀಲಿ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಎದ್ದು ಬಾವಿಯ ಮಾತು, ಬಸ್ಸಿನ ಮಾತು ಎಲ್ಲ ಅಚ್ಚುಕಟ್ಟಾಗಿ ಹೇಳಿದಳು. ಆಕೆ ಕೂಡುವ ಮುಂಚೆಯೇ ಉಚ್ಚೆಂಗಮ್ಮ ಎದ್ದಳು.

"ನಿಮ್ಮದು ಖಾಲಿ ಆತಂತ ನಮ್ಮದು ಎತ್ರಿ ಅಂತೀರಲ್ಲ, ಇದ್ಯಾವ ನ್ಯಾಯರೀ?"

ಜನ ನಕ್ಕರು. ಹಂಪಕ್ಕನೂ ನಕ್ಕಳು. "ಹೌದು ಯಕ್ಕಾ. ನಮ್ಮದು ಇರೋತನ ನನ್ಗ ನಿಮ್ಮದು ಒಂದು ಮೊಳ ಎತ್ತರ ಅಂತ ಹೊಟ್ಟಿ ಉರೀತಿತ್ತು. ಈಗ ಬಾಗಿಲಾ ತಗದ್ರ ನೊಣ ಕಾಣ್ತಾವ."

ನಗು ಇನ್ನೂ ಜೋರಾಯಿತು. ಉಚ್ಚೆಂಗಮ್ಮ ಮಾತ್ರ ಬಾಯಿ ತೆರೆದು ನಿಂತೇ ಇದ್ದಳು. ಆಕಿನೂ ನೋಡುತ್ತಿದ್ದಳು! ಆಕಿಗೂ ಉರಿಯುತ್ತಿತ್ತು! ಇಪ್ಪತ್ತು ವರ್ಷದ ಮೇಲೆ ಕೈಗೆ ಬಂದ ಈ ಲಾಭದಲ್ಲಿ ಅವಳಿಗೆ ಮುಂದಿನ ಮಾತು ಮರೆತೇ ಹೋಯಿತು. ಮರೆತದ್ದರಿಂದ ನಷ್ಟವೂ ಆಯಿತು. ತಿಪ್ಪೆ ಓಣಿಯಲ್ಲೇ ಇರಲಿ ಅನ್ನುವವರು ಕೈ ಎತ್ತಿ ಎಂದಾಗ ಎದ್ದದ್ದು ಹದಿನಾಲ್ಕು ಕೈ. ವಾಂತಿಭೇದಿಯಲ್ಲಿ ಮಲಗಿದವರ ಮನೆಯ ಹೆಂಗಸರು ಗಂಡಂದಿರ ಕಡೆ ಕಣ್ಣು ಬಿಟ್ಟು ಕೂತಿದ್ದರು. ವಿರುಪಾಕ್ಷಪ್ಪ ಕೊಡುತ್ತೇನೆಂದಿದ್ದ ಕೈಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ.

ಆಗ ಹಿಂದಿನಿಂದ ಸುಂಕಮ್ಮ ಎದ್ದಳು. ಅವಳ ಹಿಂದೆ ಮೂವತ್ತು ಹೆಂಗಸರು ನಾಟಿಯ ಸಾಲಿನಂತೆ ಕೂತಿದ್ದರು.

"ಸಭಾ ಅಂತ ಕರದೀರಿ. ನಮಗ ಡಂಗುರ ಕೇಳಿಲ್ಲ. ಇರ್ಲಿ. ಸಗಣಿ ನಿಮ್ಮದು, ಬಂಡಿ ನಿಮ್ಮದು, ಹೊಲ ನಿಮ್ಮದು. ನಡುವ ನಮ್ಮ ಬೋರಿಂಗ್ ಯಾಕ ಬಂತ್ರೀ? ಸೀದಾ ಹೊಲಕ್ಕ ಒಯ್ರಿ."

"ಮಂಡಲದಾಗ ಆಗಲೇ ಬರದಾಗೈತಮ್ಮ" ಅಂದ ಸೆಕ್ರೆಟರಿ.

"ಬರದಾಗಿದ್ರ ನಮ್ಮನ್ಯಾಕ ಕೇಳ್ತೀರಿ? ಕೇಳಿದ್ರ ಮತ್ಯಾಕ ಬರದಾಗೈತಿ ಅಂತೀರಿ?"

ಸೆಕ್ರೆಟರಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿದ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಹೊಲದವರೆಗೆ ಬಂಡಿ ಹೊಡೆಯುವುದು ಯಾರಿಂದಾಗುತ್ತದೆ ಎಂದು ಕೆಲವರು ಗದ್ದಲ ಮಾಡಿದರು. ಬೋರಿಂಗಿನ ಪಕ್ಕ ತಿಪ್ಪೆ ಹಾಕಿದರೆ ಇದೇ ರೋಗ ಕೆಳಗೂ ಬರುತ್ತದೆ ಎಂದು ನರ್ಸಮ್ಮ ಸುಂಕಮ್ಮನ ಕಡೆ ಸೇರಿಕೊಂಡಳು. ಕೊನೆಗೆ ಮತ್ತೆ ಕೈ ಎಣಿಸುವುದೆಂದಾಯಿತು. ಕೇರಿಯ ಬಾಜುವಿನ ಜಾಗಕ್ಕೆ ಎಂದವರು ಎಪ್ಪತ್ತೊಂದು. ಒಮ್ಮೆ ಎಣಿಸಿದ್ದು ಎಣಿಸಿದ್ದೇ, ಕೈ ಬದಲಾಯಿಸುವಂತಿಲ್ಲ ಎಂದು ಸೆಕ್ರೆಟರಿ ಬರೆದ.

ಹೊಲಕ್ಕೆ ಎನ್ನುವವರ ಕೈಗಳು ಎದ್ದವು. ಉಚ್ಚೆಂಗಮ್ಮ ಕೂತಲ್ಲೇ ತೂಗಿದಳು. ಸುಂಕಮ್ಮ ಗೆದ್ದರೂ ತನ್ನ ತಿಪ್ಪೆ ಹೋಗುವುದೇ. ಆದರೆ ಹಂಪಕ್ಕ ಬರೆಸಿದ್ದು ಎಲ್ಲರ ಕಣ್ಣೆದುರಿಗೆ ಬೀಳುತ್ತದೆ. ಇಪ್ಪತ್ತು ವರ್ಷದ ತಿಪ್ಪೆಯನ್ನು ಆಕೆ ಒಂದು ಗಳಿಗೆಯಲ್ಲಿ ಬಿಟ್ಟುಕೊಟ್ಟಳು, ಚೌಕಾಶಿ ಇಲ್ಲದೆ. ಕೈ ಮೇಲೇಳಲು ಶುರುವಾಯಿತು.

ಅಷ್ಟರಲ್ಲಿ, ಅಲ್ಲಿಯವರೆಗೆ ಯಾವ ಕಡೆಗೂ ಕೈ ಎತ್ತದೆ ಕೂತಿದ್ದ ಹಂಪಕ್ಕ ಕುರ್ಚಿಯಿಂದ ಎದ್ದು ನಿಂತು ತನ್ನ ಕೈ ಎತ್ತಿದಳು. "ನಾವು ಜಾಗ ನೋಡಿದ್ವಿ, ಬೋರಿಂಗ್ ನೋಡಲಿಲ್ಲ. ತಪ್ಪಾತು. ಸುಂಕಮ್ಮ ಹೇಳಿದ್ದೇ ಖರೆ. ನನ್ನ ಕೈನೂ ಹೊಲಕ್ಕ."

ಉಚ್ಚೆಂಗಮ್ಮನ ಕೈ ಕಿವಿಯ ಹತ್ತಿರ ನಿಂತುಬಿಟ್ಟಿತು.

ಸೆಕ್ರೆಟರಿ ಎರಡು ಸಲ ಎಣಿಸಿದ. "ಇದೂ ಎಪ್ಪತ್ತೊಂದು" ಅಂದ. ಆಮೇಲೆ ಕನ್ನಡಕ ಏರಿಸಿ ಇವಳ ಕಡೆ ನೋಡಿದ. "ಯಮ್ಮಾ, ಆ ಕೈ ಎತ್ತಿದ್ದೋ, ಕಿವಿ ತುರಿಸಿಕೊಳ್ಳೋದೋ?"

ಇಡೀ ಸಭೆ ತಿರುಗಿ ನೋಡಿತು. ಕೈ ಇಳಿಸಿದರೆ ಹಂಪಕ್ಕ ಈಗ ನಿಂತ ಕಡೆಯಲ್ಲೂ ಗೆಲ್ಲುವುದಿಲ್ಲ. ಎತ್ತಿದರೆ ಆಕೆಯ ಕೈಯ ಪಕ್ಕದಲ್ಲೇ ಇವಳ ಕೈ, ಊರೆಲ್ಲ ನೋಡುವ ಹಾಗೆ. ಸುಂಕಮ್ಮ ಇವಳನ್ನೇ ನೆಟ್ಟ ಕಣ್ಣಲ್ಲಿ ನೋಡುತ್ತ ನಿಂತಿದ್ದಳು. ಉಚ್ಚೆಂಗಮ್ಮನಿಗೆ ಬೋರಿಂಗಿಗೆ ಜೋತು ಬಿದ್ದ ಇಬ್ಬರು ಹೆಂಗಸರು ಯಾಕೋ ಕಣ್ಣಿಗೆ ಬಂದರು. ಈ ಮೂವತ್ತು ಜನರನ್ನು ಏರು ಹತ್ತಿಸಿಕೊಂಡು ಬಂದವಳು ತಾನೇ.

"ಎತ್ತಿದ್ದು!" ಅಂದಳು. ಕೈ ಪೂರಾ ಮೇಲೆ ಹೋಯಿತು, ಬೆರಳ ತುದಿಯವರೆಗೆ. "ಬರ್ಕೊಳ್ರಿ. ಆಕಿ ಹೇಳಿದ್ದಕ್ಕಲ್ಲ, ಸುಂಕಮ್ಮ ಹೇಳಿದ್ದಕ್ಕ ಅಂತನೂ ಬರ್ಕೊಳ್ರಿ."

"ಅದನ್ನ ಬರಿಯಾಕ ಕಾಲಂ ಇಲ್ಲಮ್ಮ" ಅಂದು ಸೆಕ್ರೆಟರಿ ಎಪ್ಪತ್ತೆರಡು ಎಂದು ಬರೆದ.

ತಿಪ್ಪೆಯನ್ನು ಹೊಲಕ್ಕೆ ಸಾಗಿಸಲು ಎರ್ರಿಯಪ್ಪನಿಗೆ ಐದು ದಿನ ಹಿಡಿಯಿತು. ಮೂವತ್ತನಾಲ್ಕು ಬಂಡಿ ಆಯಿತು. ಉಚ್ಚೆಂಗಮ್ಮ ಅಂದಾಜು ಮಾಡಿದ್ದು ಮೂವತ್ತು. ಆ ನಾಲ್ಕು ಬಂಡಿಯನ್ನು ಹಂಪಕ್ಕ ಬಾಗಿಲಲ್ಲಿ ನಿಂತು ನೋಡಲಿ ಎಂದು ಕಡೆಯ ಬಂಡಿಗಳನ್ನು ನಿಧಾನಕ್ಕೆ ತುಂಬಿಸಿದಳು. ಹಂಪಕ್ಕ ನೋಡಿದಳು. "ಮಸ್ತ್ ಗೊಬ್ಬರ ಯಕ್ಕಾ" ಅಂದಳು. ಮನಸಾರೆ ಅಂದಳು, ಅದೇ ಬೇಜಾರು.

ಅದಕ್ಕಿಂತ ದೊಡ್ಡ ಉರಿ ಮುಂದಿತ್ತು. ಗಿರಣಿಯಲ್ಲಿ, ಬಸ್ಸಿನಲ್ಲಿ, ಬಾವಿಯ ಕಟ್ಟೆಯ ಮೇಲೆ ಊರೆಲ್ಲ ಆಡಿದ ಮಾತು ಒಂದೇ. ಮೆಂಬರಾದವಳು ಸಭೆಯ ನಡುವೆ ಎದ್ದು ತಪ್ಪಾತು ಅಂದಳಲ್ಲ, ಹಂಪಕ್ಕನದು ಎಷ್ಟು ದೊಡ್ಡ ಮನಸ್ಸು! ಎಪ್ಪತ್ತೆರಡನೇ ಕೈ ಯಾರದು ಎಂದು ಒಬ್ಬರಾದರೂ ಕೇಳಲಿಲ್ಲ. ತಪ್ಪು ಮಾಡಿದವಳು ಹೆಸರು ಒಯ್ದಳು. ತಾನೂ ಒಂದು ತಪ್ಪು ಮಾಡಿ, ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕೆಂದು ಉಚ್ಚೆಂಗಮ್ಮ ಬಹಳ ಹುಡುಕಿದಳು. ಒಂದೂ ಸಿಗಲಿಲ್ಲ.

ಆಮೇಲಿನ ಯಾವ ಗ್ರಾಮಸಭೆಯನ್ನೂ ಆಕೆ ತಪ್ಪಿಸಲಿಲ್ಲ. ಹಂಪಕ್ಕ ಚರಂಡಿ ಎಡಕ್ಕೆ ಅಂದರೆ ಇವಳು ಬಲಕ್ಕೆ. ಆಕೆ ಸತ್ತ ದನ ಹೂಳುವ ಜಾಗ ಮೂಡಲಿಗೆ ಅಂದರೆ ಇವಳು ಯಾಕೆ ಎಂದು ಮೂರು ಕಾರಣ ಕೇಳುವಳು. ಇವಳು ಕೇಳುತ್ತಾಳೆಂಬ ಹೆದರಿಕೆಗೆ ಹಂಪಕ್ಕ ಜಾಗಕ್ಕೆ ಹೋಗಿ ನೋಡಿ ಬರುವುದನ್ನು ಕಲಿತಳು. ಹುಸೇನಪ್ಪ ಡಂಗುರವನ್ನು ಕೇರಿಯ ಕಡೆಯ ಗುಡಿಸಲವರೆಗೂ ಬಾರಿಸುವುದನ್ನು ಕಲಿತ. ಸೆಕ್ರೆಟರಿ ಮೂರು ಜಮಖಾನ ತರತೊಡಗಿದ.

ಒಮ್ಮೆ ಉಚ್ಚೆಂಗಮ್ಮ ಎಮ್ಮೆ ಕರೆದು ಬರುವುದು ತಡವಾಯಿತು. ಶಾಲೆಯ ಮುಂದೆ ಎಲ್ಲರೂ ಸುಮ್ಮನೆ ಕೂತಿದ್ದರು. "ಯಕ್ಕ ಬರಲಿ, ತಡೀರಿ. ಆಕಿ ಇಲ್ದ ಸಭಾ ಯಾಕ?" ಎಂದು ಹಂಪಕ್ಕ ಅರ್ಧ ಗಂಟೆ ಕಾಯಿಸಿದ್ದಳು. ಕಾಯಿಸಿದ್ದಕ್ಕೂ ಜನ, "ನೋಡ್ರಪ್ಪ, ಎದುರು ಮಾತಾಡೋರಿಗೂ ಎಷ್ಟು ಮರ್ಯಾದಿ ಕೊಡ್ತಾಳ" ಅಂದರು.

ಆ ಮಾತು ಕಿವಿಗೆ ಬಿದ್ದ ದಿನ ಉಚ್ಚೆಂಗಮ್ಮ ತೀರ್ಮಾನಿಸಿದಳು, ಇನ್ನು ಆಕಿಗೆ ಕಾಯುವ ಅವಕಾಶವನ್ನೂ ಕೊಡಬಾರದು. ಮುಂದಿನ ಸಭೆಗೆ ಗಂಟೆ ಮೊದಲೇ ಸೀರೆ ಬದಲಾಯಿಸಿ ಹೊರಟಳು. ಅವತ್ತಿನ ವಿಷಯ ಅಕ್ಕಿ ಗಿರಣಿಯ ಬೂದಿ. ಗಿರಣಿಯವರು ಅದನ್ನು ಕಾಲುವೆ ದಂಡೆಗೆ ಸುರಿಯುತ್ತಿದ್ದರು. ಎಲ್ಲಿ ಸುರಿಯಬೇಕೆಂದು ಊರು ಹೇಳಬೇಕಿತ್ತು.

ಶಾಲೆಯ ಮುಂದೆ ಸೆಕ್ರೆಟರಿ ಇನ್ನೂ ಬಂದಿರಲಿಲ್ಲ. ಬೇವಿನ ನೆರಳಿಗೆ ಸುಂಕಮ್ಮ ಆಗಲೇ ಬಂದು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಬರ್ರಿ ಅಕ್ಕಾರ, ಕುಂದ್ರಿ. ಬೂದಿ ಎಲ್ಲಿ ಹಾಕಿಸಬೇಕಂತ ಮಾಡೀರಿ? ಈ ಸಲ ನೀವು ಯಾ ಕಡೆ?"

ಉಚ್ಚೆಂಗಮ್ಮ ಸೆರಗು ಸರಿಮಾಡಿಕೊಂಡು ಕೂತು, ಅವಳ ಕೈಯಿಂದ ಎಲೆ ತೆಗೆದುಕೊಂಡು ಬಾಯಿಗೆ ಹಾಕಿದಳು.

"ಆಕಿ ಇನ್ನೂ ಬಂದೇ ಇಲ್ಲ" ಅಂದಳು. "ಈಗಲೇ ಹೆಂಗ ಹೇಳ್ಲಿ?"